ಎಡಗಡೆಯ ಡಬ್ಬ

ಕೆಲಸದ ಚೀಟಿ ನಂಬರು ನೂರಾ ಹದಿನೇಳು.
ಚಾಮರಾಜಪೇಟೆ, ಕೆಳಗೆ ಮುಚ್ಚಿದ ಪ್ರೆಸ್ಸು, ಮೇಲೆ ಮನೆ.
ಅರವತ್ತೈದು ಇಂಚಿನ ಹೊಸ ಟಿವಿ ಗೋಡೆ ಏರಬೇಕು,
ಹಳೆಯ ಸ್ಪೀಕರು ಎರಡಕ್ಕೂ ಅದರ ಸಂಬಂಧ ಕೂಡಿಸಬೇಕು.
ಸಂಬಂಧ ಎಂದೇ ಬರೆದಿದ್ದಾಳೆ ಅಂಗಡಿಯ ತಸ್ನೀಮ್,
ಕನೆಕ್ಷನ್ ಅನ್ನುವುದಕ್ಕೆ.

ಟಿವಿಯದೇನೂ ಇಲ್ಲ. ನಾಲ್ಕು ತೂತು, ನಾಲ್ಕು ಬೋಲ್ಟು,
ರಸಮಟ್ಟದ ಗುಳ್ಳೆ ನಡುಗೆರೆಗೆ ಬಂದು ನಿಂತರೆ ಮುಗಿಯಿತು.
ಆದರೆ ಹಳೆ ಮನೆಯ ಸುಣ್ಣದ ಗಾರೆ,
ಡ್ರಿಲ್ಲು ಮುಟ್ಟಿದರೆ ಅಕ್ಕಿಹಿಟ್ಟಿನ ಹಾಗೆ ಸುರಿಯುತ್ತದೆ,
ಇಟ್ಟಿಗೆ ಸಿಗುವತನಕ ದೇವರೇ ಗತಿ.

ಸ್ಪೀಕರುಗಳ ಮಾತೇ ಬೇರೆ.
ಎದೆಮಟ್ಟ ನಿಂತಿವೆ ಎರಡು, ಆಕ್ರೋಟು ಮರದ ಮೈ,
ಬಾಗಿಲಲ್ಲಿ ನಿಂತ ಬೀಗರ ಹಾಗೆ.
"ತೊಂಬತ್ತೆಂಟರ ಎಲೆಕ್ಷನ್ನು," ಎಂದರು ಪದ್ಮರಾಜಯ್ಯ,
"ಮೂರು ಪಕ್ಷದ ಪೋಸ್ಟರೂ ನಮ್ಮಲ್ಲೇ ಅಚ್ಚು.
ಗೆದ್ದವನು ಬಾಕಿ ಉಳಿಸಿಕೊಂಡ.
ಸೋತವರಿಬ್ಬರು ಕೊಟ್ಟ ದುಡ್ಡಲ್ಲಿ ಬಂದವು ಇವು."

ಆಂಪ್ಲಿಫೈಯರಿನಿಂದ ವೈರು ಎಳೆದು ನುಡಿಸಿದೆ.
ಬಲಗಡೆಯದು ಹಾಡಿತು.
ಎಡಗಡೆಯದು ಇಲ್ಲ.
ವೈರು ಅದಲುಬದಲು ಮಾಡಿದೆ. ಇಲ್ಲ.
ಓಮ್ಸಿಗೆ ಇಟ್ಟ ಮೀಟರಿನ ಮುಳ್ಳು ಅಲುಗಲಿಲ್ಲ.
ಜಾಲರಿ ಬಿಚ್ಚಿದರೆ ಫೋಮಿನ ಅಂಚು
ಕಾವಲಿಯಲ್ಲಿ ಸೀದ ಹೋಳಿಗೆಯಂತೆ ಬೆರಳಿಗೆ ಉದುರಿತು.

"ಯಾವಾಗಿಂದ ಕೆಟ್ಟಿದೆ ಸಾರ್?"
"ಕೆಟ್ಟಿದೆಯಾ?" ಎಂದರು.

ದಿನಾ ಸಂಜೆ ಆರರಿಂದ ಎಂಟು, ಅದೇ ಕುರ್ಚಿ.
ಮೂವತ್ತು ವರ್ಷ ಅಚ್ಚಿನ ಯಂತ್ರಕ್ಕೆ ಎಡಮೈ ಕೊಟ್ಟು ನಿಂತು
ಎಡಗಿವಿಯನ್ನು ಅದಕ್ಕೇ ಬರೆದುಕೊಟ್ಟವರು.
ಅದು ಎಂದು ಸತ್ತಿತೋ, ಇದು ಎಂದು ಸತ್ತಿತೋ,
ಯಾವುದು ಮೊದಲೋ,
ಒಂದಕ್ಕೊಂದು ಹೇಳಿಕೊಂಡಿರಲಿಲ್ಲ.
ನನಗೆ ನಗು ಬಂತು. ಅವರಿಗೂ ಬಂತು.
ಆಮೇಲೆ ಇಬ್ಬರಿಗೂ ಬರಲಿಲ್ಲ.

ಹಿಂದಿನ ತೂತಿಗೆ ಬ್ಯಾಟರಿ ಬಿಟ್ಟೆ. ಒಳಗೊಂದು ಹಲ್ಲಿ,
ಅದರ ಹಿಂದೆ ಪೆಪ್ಪರಮೆಂಟಿನಂಥ ಎರಡು ಮೊಟ್ಟೆ.
ಕಡ್ಡಿ ಹುಡುಕುತ್ತಿದ್ದೆ.
"ಮುಟ್ಟಬೇಡಿ, ನಾವು ಜೈನರು," ಎಂದರು
ಕ್ಷಮೆ ಕೇಳುವ ದನಿಯಲ್ಲಿ.
ಚೀಟಿಯಲ್ಲಿ ಬರೆದೆ: ಬಾಕಿ. ಕಾರಣ, ಮೊಟ್ಟೆ.
ತಸ್ನೀಮ್ ಓದಿ ಎರಡು ಸಲ ಫೋನು ಮಾಡಿದಳು.

ಏಳು ವಾರ. ನಡುವೆ ವೈಟ್‌ಫೀಲ್ಡಿನಲ್ಲಿ ಒಂದು ಹೋಮ್ ಥಿಯೇಟರು,
ಹನ್ನೊಂದು ಸ್ಪೀಕರು, ಆರು ಒರಗುಕುರ್ಚಿ.
ಯಾರು ನೋಡುತ್ತಾರೆ ಎಂದು ಕೇಳಿದರೆ
ಅಡುಗೆಯವನು ನನ್ನನ್ನೇ ನೋಡಿದ.
ಸದಾಶಿವನಗರದಲ್ಲಿ ಒಂದು ಪ್ಯಾನೆಲ್ಲು,
ನಾಲ್ಕು ವರ್ಷವಾದರೂ ಅಂಚಿನ ಪ್ಲಾಸ್ಟಿಕ್ ಹಾಳೆ
ಕೀಳಲು ಬಿಡದ ಯಜಮಾನಿ.

ಆಮೇಲೆ ಕರೆ ಬಂತು: "ಮನೆ ಖಾಲಿಯಾಯಿತು, ಬನ್ನಿ."

ಕೋನು ಬಿಚ್ಚಿ ಎಸ್.ಪಿ. ರೋಡಿಗೆ ಒಯ್ದು
ಹೊಸ ಕಾಯಿಲು ಸುತ್ತಿಸಿ, ಎರಡರ ಅಂಚಿಗೂ ಫೋಮು ಅಂಟಿಸಿ
ಒಂದು ರಾತ್ರಿ ಒಣಗಿಸಿ ತಂದೆ.
"ಸಾರ್, ಎರಡೂ ಕಡೆಯದನ್ನು ಬೆರೆಸಿ
ಬಲಕ್ಕೇ ಕಳಿಸಿಬಿಡಲಾ? ಒಂದು ಗುಂಡಿ ಒತ್ತಿದರಾಯಿತು,
ನಿಮಗೆ ಪೂರ್ತಿ ಕೇಳುತ್ತದೆ."
ತುಂಬ ಹೊತ್ತು ಯೋಚಿಸಿದರು, ಪ್ರೂಫು ನೋಡುವವರಂತೆ.
"ಬೇಡ. ಎಡದ ಪುಟ ಎಡಕ್ಕೇ ಇರಲಿ."

ನುಡಿಸಿದೆ. ಪಿಟೀಲು ಎಡಕ್ಕೆ, ಮೃದಂಗ ಬಲಕ್ಕೆ.
ಎದ್ದು ಹೋಗಿ ಎಡಗಡೆಯ ಜಾಲರಿಯ ಮೇಲೆ ಅಂಗೈ ಇಟ್ಟರು,
ಶಾಯಿ ಒಣಗಿತೇ ಎಂದು ಹಾಳೆ ಮುಟ್ಟುವ ಹಾಗೆ.
ತೆಗೆದು ಬೆರಳು ನೋಡಿಕೊಂಡರು.
ಮತ್ತೆ ಇಟ್ಟರು.

ಕಿಟಕಿಯ ಮೇಲೆಲ್ಲೋ ಹಲ್ಲಿಯೊಂದು ಲೊಚಗುಟ್ಟಿತು.
ಅಭ್ಯಾಸ, ನಾನು ನೆಲ ತಟ್ಟಿದೆ.
"ಏನು?" ಎಂದರು. ಅವರ ಎಡಬದಿಗಿತ್ತು ಅದು.
"ಏನಿಲ್ಲ ಸಾರ್," ಚೀಟಿ ಹರಿದು ಕೊಟ್ಟೆ.
ಎರಡನೇ ಭೇಟಿಯ ಚಾರ್ಜು ನಾನು ಹಾಕಿರಲಿಲ್ಲ.
ಸಾಲಿನ ನಡುವೆ ತಿದ್ದುಪಡಿಯ ಗುರುತು ಹಾಕಿ
ಅವರೇ ಸೇರಿಸಿದರು.